ವರ್ಷವಿಡೀ ಪಾಠ ಮಾಡಿದೆ, ಗೌರವಧನ ಬಂದಿದ್ದು ನಾಲ್ಕೇ ತಿಂಗಳದ್ದು. ಏನು ಮಾಡಲಿ?

ಶಾಸನದ ಮೇಡಂ:
ನಾನು ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಯಾವುದು ಅಂತ ಹೇಳುವುದು ಬೇಡ. ವಿಭಾಗದಲ್ಲಿ ಕಾಯಂ ಇರುವವರು ಮುಖ್ಯಸ್ಥರೊಬ್ಬರೇ. ಉಳಿದ ಪೇಪರೆಲ್ಲ ನಮ್ಮ ನಾಲ್ವರ ಮೇಲೆ.

ಸೆಪ್ಟೆಂಬರಿನಲ್ಲಿ ಸೇರಿದೆ. ದೀಪಾವಳಿಗೆ ದುಡ್ಡು ಬರಲಿಲ್ಲ. ಕಡತ ಹಣಕಾಸು ವಿಭಾಗದಲ್ಲಿದೆ ಅಂದರು. ಡಿಸೆಂಬರಿನಲ್ಲಿ ಪ್ರಿಂಟರ್ ಇಂಕ್ ಮುಗಿಯಿತು, ಕಿರುಪರೀಕ್ಷೆಯ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೆ. ಅಧ್ಯಯನ ಪ್ರವಾಸಕ್ಕೆ ಬಸ್ಸು ಕೊಡಲಿಲ್ಲ. ಶಾಸನ ನೋಡದೆ ಶಾಸನದ ಪಾಠ ಹೇಗೆ? ಸರ್ಕಾರಿ ಬಸ್ಸಿನಲ್ಲೇ ಶ್ರವಣಬೆಳಗೊಳಕ್ಕೆ ಹೋದೆವು. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ, ಹುಡುಗರ ಟಿಕೆಟ್ಟಿಗೆ ಎಲ್ಲರೂ ಸೇರಿ ಹಾಕಿದೆವು. ಬಂಡೆಯ ಮೇಲಿನ ಅಕ್ಷರ ಕೂಡಿಸಿ ಓದುವಾಗ ಆ ಮಕ್ಕಳ ಮುಖ ನೋಡಬೇಕಿತ್ತು!

ಮಾರ್ಚಿನಲ್ಲಿ ನಿವೃತ್ತ ಮೇಷ್ಟ್ರುಗಳು ಪಿಂಚಣಿಗಾಗಿ ಆಡಳಿತ ಕಚೇರಿ ಮುಂದೆ ಧರಣಿ ಕೂತರು. ನನಗೆ ಎಂ.ಎ.ಯಲ್ಲಿ ಕಲಿಸಿದವರೂ ಅಲ್ಲಿದ್ದರು. “ಶಾಸನ ಪೇಪರ್ ಈಗ ಯಾರಮ್ಮ ತಗೊಳ್ತಾರೆ?” ಅಂತ ಕೇಳಿದರು. “ನಾನೇ ಸರ್” ಅಂದೆ. ನನಗೂ ದುಡ್ಡು ಬಂದಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ.

ಕ್ಲಾಸು ತುಂಬಿದೆ, ಫೀಸೂ ಕಟ್ಟುತ್ತಾರೆ. ಆದರೂ ದುಡ್ಡಿಲ್ಲ ಯಾಕೆ? ನನ್ನ ಬಾಕಿ ಕೇಳುವ ದಾರಿ ಯಾವುದು?

ನಿವೃತ್ತ ಸೂಪರಿಂಟೆಂಡೆಂಟ್:
ಮೇಡಂ, ನಾನು ಬೇರೊಂದು ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಕ್ಯಾಂಪಸ್ ಮಕ್ಕಳ ಫೀಸಿನಿಂದ ವಿಶ್ವವಿದ್ಯಾಲಯ ನಡೆಯಲ್ಲ. ಸರ್ಕಾರದ ಅನುದಾನ ಬಿಟ್ಟರೆ ನಮ್ಮ ಕೈಹಿಡಿಯುತ್ತಿದ್ದದ್ದು ಅಧೀನ ಕಾಲೇಜುಗಳ ಸಂಯೋಜನೆ (ಅಫಿಲಿಯೇಷನ್) ಶುಲ್ಕ ಮತ್ತು ಪರೀಕ್ಷಾ ಶುಲ್ಕ. 2023ರಲ್ಲಿ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಬೀದರ್, ಕೊಪ್ಪಳ, ಬಾಗಲಕೋಟೆಗೆ ಹೊಸ ವಿಶ್ವವಿದ್ಯಾಲಯ ಬಂದವು. ಆ ಜಿಲ್ಲೆಗಳ ಕಾಲೇಜುಗಳು ಅತ್ತ ಹೋದವು. ಪಿಂಚಣಿದಾರರು ಮಾತ್ರ ಹಳೆಯ ಕಡೆಯೇ ಉಳಿದರು. ಆದಾಯ ಹೋಯಿತು, ಹೊರೆ ಹಾಗೇ ಇದೆ. ಕಾಯಂ ನೇಮಕ ಇಲ್ಲದ್ದರಿಂದ ಪಿಂಚಣಿಯ ಜೊತೆ ನಿಮ್ಮಂಥವರ ಗೌರವಧನವೂ ಈ ಶುಲ್ಕಗಳಿಂದ ಆಗುವ ಆಂತರಿಕ ನಿಧಿಯಿಂದಲೇ ಬರಬೇಕು.

ಈಗ ನಿಮ್ಮ ಬಾಕಿ. ತಿಂಗಳವಾರು ಕಾರ್ಯಭಾರದ ಪಟ್ಟಿಗೆ ಮುಖ್ಯಸ್ಥರ ಸಹಿ ಹಾಕಿಸಿ, ಪ್ರತಿ ಇಟ್ಟುಕೊಳ್ಳಿ. ಕುಲಸಚಿವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದ್ದು ಕಡತಕ್ಕೆ ಹೋಗಲ್ಲ. ಆಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ಬಿಲ್ಲು ಯಾವ ಮೇಜಿನಲ್ಲಿ ಎಷ್ಟು ದಿನ ಇತ್ತು ಅಂತ ಕೇಳಿ. ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಸಂಶೋಧನಾ ವಿದ್ಯಾರ್ಥಿ:
ಮಾಹಿತಿ ಹಕ್ಕು ಅಂದರೆ ಮುಂದಿನ ವರ್ಷ ಕರೆಯದೆ ಇರಬಹುದು ಮೇಡಂ. ಮೊದಲು ಕುಲಸಚಿವರಿಗೆ ನಾಲ್ವರೂ ಸೇರಿ ಒಂದೇ ಅರ್ಜಿ ಕೊಡಿ. ಒಬ್ಬರ ಹೆಸರು ಎದ್ದು ಕಾಣಬಾರದು.

ಶಾಸನದ ಮೇಡಂ:
ಸರ್, ಆದಾಯದ ಲೆಕ್ಕ ಇವತ್ತು ಅರ್ಥವಾಯಿತು. ನಮ್ಮ ಮೇಷ್ಟ್ರ ಪಿಂಚಣಿ, ನನ್ನ ಗೌರವಧನ ಎರಡೂ ಒಂದೇ ಬೊಕ್ಕಸದ್ದು ಅಂತ ಗೊತ್ತಿರಲಿಲ್ಲ. ನಾಲ್ವರೂ ಮಾತಾಡಿಕೊಂಡೆವು. ಸೋಮವಾರ ಒಟ್ಟಿಗೇ ಹೋಗಿ ಅರ್ಜಿ ಕೊಡುತ್ತೇವೆ. ಹತ್ತೂವರೆಗೆ ನನ್ನ ಕ್ಲಾಸಿದೆ, ಅದು ಮುಗಿದ ಮೇಲೆ.