ಅಜ್ಜನ ಮನೆಯ ಹಲಸಿನ ತೊಲೆಯಿಂದ ಎಲೆಕ್ಟ್ರಿಕ್ ಗಿಟಾರ್: ತೂಕ ಎಷ್ಟಾಗುತ್ತದೆ, ವೈರಿಂಗ್ ನಾನೇ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಮನೆ ಬಿಚ್ಚಿದಾಗ ಹಲಸಿನ ತೊಲೆಯೊಂದು ಸಿಕ್ಕಿತು. ಅಡುಗೆಮನೆ ಮೇಲಿದ್ದದ್ದು, ಹೊಗೆ ಕುಡಿದು ಕಪ್ಪಾಗಿದೆ. ಅದನ್ನು ಸೀಳಿಸಿ ಸ್ಟ್ರ್ಯಾಟ್ (ಫೆಂಡರ್ ಕಂಪನಿಯ ಸ್ಟ್ರ್ಯಾಟೊಕಾಸ್ಟರ್ ಗಿಟಾರ್) ಆಕಾರದ ಬಾಡಿ ಮಾಡುವ ಆಸೆ. ನೆಕ್ ರೆಡಿಮೇಡ್ ತಗೊಳ್ಳುತ್ತೇನೆ. ತಂತಿಯ ಅಲುಗಾಟ ಹಿಡಿಯುವ ಪಿಕಪ್ ಮೂರು: ತಂತಿ ಕೂರುವ ಬ್ರಿಡ್ಜ್ ಹತ್ತಿರ ಒಂದು ಹಂಬಕರ್, ಅಂದರೆ ಎರಡು ಸುರುಳಿಯದ್ದು, ಉಳಿದೆರಡು ಸಿಂಗಲ್ ಕಾಯಿಲ್. ಹಲಸು ಭಾರ, ಹೆಗಲು ಬಿದ್ದುಹೋಗುತ್ತದೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ಧೈರ್ಯವಾಗಿ ಮಾಡಿ. ತಂಜಾವೂರು ವೀಣೆಗೂ ಹಲಸೇ ಬಳಸುವುದು. ಆದರೆ ಗರಗಸಕ್ಕೆ ಕೊಡುವ ಮುಂಚೆ ಮೊಳೆ ಹುಡುಕಿ. ಹಳೇ ತೊಲೆಯೊಳಗೆ ಮುರಿದ ಮೊಳೆ ಸಾಮಾನ್ಯ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ತೊಲೆಯ ಪಕ್ಕದಲ್ಲಿ ಇಳಿಬಿಟ್ಟು ನಿಧಾನಕ್ಕೆ ಸಾಗಿಸಿ. ಮೊಳೆ ಇದ್ದಲ್ಲಿ ಅದು ತೊಲೆಯ ಕಡೆ ವಾಲುತ್ತದೆ. ಸಾಮಿಲ್‌ನವರ ಬ್ಲೇಡ್ ಹಲ್ಲು ಹೋದರೆ ಆ ದುಡ್ಡು ನಿಮ್ಮ ತಲೆಗೇ ಬರುವುದು. ಕುಟ್ಟೆ ಹಿಡಿದ ಭಾಗ ಇದ್ದರೆ ಮುಲಾಜಿಲ್ಲದೆ ಬಿಸಾಕಿ.

ಇನ್ನು ತೂಕ. ಊಹೆ ಬೇಡ, ಅಡುಗೆಮನೆ ತಕ್ಕಡಿ ಸಾಕು. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 4.5 ಸೆಂ.ಮೀ. ದಪ್ಪದ ತುಂಡು ಕತ್ತರಿಸಿ ತೂಗಿ. ಅದು 450 ಸಿಸಿ, ಅಂದರೆ 0.45 ಲೀಟರ್ ಮರ. 270 ಗ್ರಾಂ ಬಂದರೆ ಲೀಟರಿಗೆ 600 ಗ್ರಾಂ ಅಂತಾಯಿತು. ಸ್ಟ್ರ್ಯಾಟ್ ಬಾಡಿಯಲ್ಲಿ ಪಿಕಪ್, ವೈರಿಂಗಿನ ಗುಂಡಿಗಳೆಲ್ಲ ತೋಡಿದ ಮೇಲೆ ಸುಮಾರು 4 ಲೀಟರ್ ಮರ ಉಳಿಯುತ್ತದೆ. ಅಂದರೆ ಬಾಡಿ 2.4 ಕೆ.ಜಿ. ಟ್ಯೂನರ್ ಸಮೇತ ನೆಕ್ 800 ಗ್ರಾಂ, ಸ್ಪ್ರಿಂಗ್ ಇರುವ ಬ್ರಿಡ್ಜ್ 400, ಪಿಕಪ್, ಪ್ಲೇಟು, ಸ್ಕ್ರೂ ಎಲ್ಲ ಸೇರಿ ಇನ್ನೊಂದು 400. ಒಟ್ಟು 4 ಕೆ.ಜಿ. ಫೆಂಡರ್‌ನವರು 1956ರಿಂದ ಹೆಚ್ಚಾಗಿ ಬಳಸಿದ ಆಲ್ಡರ್ ಮರ ಲೀಟರಿಗೆ ಸುಮಾರು 450 ಗ್ರಾಂ. ಅದರಲ್ಲಿ ಇದೇ ಗಿಟಾರ್ 3.4 ಕೆ.ಜಿ.ಗೆ ಮುಗಿಯುತ್ತದೆ. ವ್ಯತ್ಯಾಸ 600 ಗ್ರಾಂ. ಕೇಳಲು ಕಮ್ಮಿ ಅನಿಸಬಹುದು. ಎರಡು ತಾಸು ನಿಂತು ನುಡಿಸಿ ನೋಡಿ, ಗೊತ್ತಾಗುತ್ತದೆ.

ಹಾಗಂತ 4 ಕೆ.ಜಿ. ಅತಿಯಾಯಿತು ಅಂತಲೂ ಅಲ್ಲ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರ್‌ಗಳು ಅದಕ್ಕಿಂತ ಜಾಸ್ತಿಯೇ ತೂಗುವುದುಂಟು.

ಅದೇ ಸದಸ್ಯರು: ತುಂಡು ತೂಗಿದೆ ಸರ್, 283 ಗ್ರಾಂ. ದಪ್ಪ ಕಮ್ಮಿ ಮಾಡಿಸಲಾ? 45ರ ಬದಲು 38 ಮಿ.ಮೀ.?

ಉತ್ತರ: ಟ್ರೆಮೊಲೊ ಬ್ರಿಡ್ಜ್, ಅಂದರೆ ಆ ಸ್ಪ್ರಿಂಗ್ ಇರುವುದು, ಹಾಕುವುದಾದರೆ ಬೇಡ. ಅದರ ಅಡಿಯ ಮಾಮೂಲಿ ಲೋಹದ ಬ್ಲಾಕ್ ಸುಮಾರು 42 ಮಿ.ಮೀ. ಉದ್ದ, ಹಿಂದೆ ಹೊರಗೆ ಚಾಚಿ ಹೊಟ್ಟೆಗೆ ಚುಚ್ಚುತ್ತದೆ. ದಪ್ಪ ಹಾಗೇ ಇರಲಿ, ಒಳಗೆ ಟೊಳ್ಳು ಮಾಡಿ. ಬಾಡಿಗೆ 33 ಸೆಂ.ಮೀ. ಅಗಲ ಬೇಕು. ನಿಮ್ಮ ತೊಲೆಯಲ್ಲಿ ಅಷ್ಟಗಲ ಸಿಗುವುದಿಲ್ಲ, ಹೇಗೂ ಮೂರು ಪಟ್ಟಿ ಅಂಟಿಸಬೇಕು. ನಡುವಿನ ಪಟ್ಟಿ ಗಟ್ಟಿಯಾಗಿರಲಿ. ನೆಕ್, ಪಿಕಪ್, ಬ್ರಿಡ್ಜ್ ಎಲ್ಲ ಕೂರುವುದು ಅದರ ಮೇಲೆ. ಎರಡು ಪಕ್ಕದ ಪಟ್ಟಿಗಳಲ್ಲಿ ಮರ ಕೊರೆಯುವ ರೂಟರಿನಿಂದ ಗುಂಡಿ ತೋಡಿ, ಮೇಲೆ 6 ಮಿ.ಮೀ. ಹಲಗೆ ಮುಚ್ಚಿ. ಆ ಹಲಗೆ ಸೇರಿಯೇ 45 ಮಿ.ಮೀ. ಆಗಬೇಕು. ಒಂದು ಲೀಟರ್ ತೆಗೆದರೆ 600 ಗ್ರಾಂ ಮೇಲೆ ಇಳಿಯುತ್ತದೆ. ಸ್ಕ್ರೂ ಬರುವ ಜಾಗಗಳನ್ನು, ಮುಖ್ಯವಾಗಿ ಹೆಗಲ ಸ್ಟ್ರ್ಯಾಪ್ ಸಿಕ್ಕಿಸುವ ಬಟನ್ ಹತ್ತಿರ, ಮುಟ್ಟಬೇಡಿ.

ಬಾಡಿ ತೀರಾ ಹಗುರಾದರೆ ಇನ್ನೊಂದು ತಲೆನೋವು. ಕೈಬಿಟ್ಟ ತಕ್ಷಣ ನೆಕ್ ನೆಲದ ಕಡೆ ವಾಲುತ್ತದೆ. ಸ್ಟ್ರ್ಯಾಟ್‌ನ ಮೇಲಿನ ಕೊಂಬು 12ನೇ ಫ್ರೆಟ್‌ವರೆಗೂ ಚಾಚಿರುವುದರಿಂದ ಆ ಕಾಟ ಕಮ್ಮಿ. ಚೆಂದಕ್ಕೆ ಅಂತ ಆ ಕೊಂಬನ್ನು ಮೊಟಕು ಮಾಡಬೇಡಿ.

ಸೀಳಿದ ಹಲಗೆಗಳ ನಡುವೆ ರೀಪರ್ ಇಟ್ಟು ನೆರಳಲ್ಲಿ ಪೇರಿಸಿ. ವಾರಕ್ಕೊಮ್ಮೆ ತೂಗಿ, ಹಲಗೆಯ ಮೇಲೆಯೇ ಪೆನ್ಸಿಲ್ಲಿನಲ್ಲಿ ಬರೆಯಿರಿ. ಮೂರು ವಾರ ಅದೇ ತೂಕ ಬಂದರೆ ಮುಂದಿನ ಕೆಲಸ.

ಉಡುಪಿಯಿಂದ ಒಬ್ಬರು: ಬೀಟೆಯಲ್ಲೇ ಪೂರ್ತಿ ಬಾಡಿ ಮಾಡಿದರೆ ನಾದ ಇನ್ನೂ ಚೆನ್ನಾಗಿರುವುದಿಲ್ಲವಾ?

ಉತ್ತರ: ಆ ತಪ್ಪು ನಾನೇ ಮಾಡಿದ್ದೇನೆ. ಕೆಲಸ ಕಲಿಯುವಾಗ ಒಬ್ಬರಿಗೆ ಬೀಟೆ ಬಾಡಿ ಮಾಡಿಕೊಟ್ಟೆ. ಐದು ಕೆ.ಜಿ.ಗೆ ಸ್ವಲ್ಪ ಕಮ್ಮಿ ಬಂತು. ಪಾಲಿಶ್ ಕನ್ನಡಿ ಹಾಗಿತ್ತು. ಒಂದು ತಿಂಗಳಿಗೆ ವಾಪಸ್ ತಂದು, ಗೋಡೆಗೆ ನೇತುಹಾಕಲು ಮೊಳೆ ಸಾಕಾ, ಬೋಲ್ಟ್ ಬೇಕಾ ಅಂತ ಕೇಳಿದರು! 1969ರ ಜನವರಿಯಲ್ಲಿ ಲಂಡನ್ನಿನ ಮಹಡಿ ಮೇಲೆ ಬೀಟಲ್ಸ್ ನುಡಿಸಿದಾಗ ಜಾರ್ಜ್ ಹ್ಯಾರಿಸನ್ ಕೈಯಲ್ಲಿದ್ದದ್ದು ಬೀಟೆ ಜಾತಿಯ ಮರದ ಟೆಲಿಕಾಸ್ಟರ್ ಗಿಟಾರೇ. ನೋಡಲು ಸೊಗಸು, ಒಪ್ಪುತ್ತೇನೆ. ಆದರೆ ಬೀಟೆ ಲೀಟರಿಗೆ 800 ಗ್ರಾಂ ಮೇಲೆ ತೂಗುತ್ತದೆ. ಫಿಂಗರ್‌ಬೋರ್ಡಿಗೆ ಬಳಸಿ, ಅದು ಅದರ ಜಾಗ.

ನಾದದ ಮಾತು. ವೀಣೆಯಲ್ಲಿ ಕೊಡವೇ ಕಂಪಿಸಿ ಸದ್ದನ್ನು ಹೊರಗೆ ಕೊಡುತ್ತದೆ, ಅಲ್ಲಿ ಮರ ಮುಖ್ಯ. ಇಲ್ಲಿ ಪಿಕಪ್ಪಿನ ಅಯಸ್ಕಾಂತಕ್ಕೆ ಬೇಕಾದ್ದು ಉಕ್ಕಿನ ತಂತಿಯ ಅಲುಗಾಟ. ಮರದ ಪಾಲು ಪೂರ್ತಿ ಸೊನ್ನೆ ಅಂತ ಜಗಳಕ್ಕೆ ಬರುವುದಿಲ್ಲ. ಪಿಕಪ್ಪನ್ನು ಎರಡು ಮಿ.ಮೀ. ಮೇಲೆ ಕೆಳಗೆ ಮಾಡಿ ನೋಡಿ, ಕಿವಿಗೆ ತಕ್ಷಣ ತಿಳಿಯುವ ಬದಲಾವಣೆ ಅದು.

ಮೊದಲು ಕೇಳಿದವರು: ವೈರಿಂಗ್‌ಗೆ ಏನೇನು ತರಲಿ? ನಾಳೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುತ್ತಿದ್ದೇನೆ.

ಉತ್ತರ: ಮಲ್ಟಿಮೀಟರ್ ಜೇಬಲ್ಲಿಟ್ಟುಕೊಂಡೇ ಹೋಗಿ. ಹಂಬಕರ್ ಇರುವುದರಿಂದ 500ಕೆ (500 ಕಿಲೋಓಮ್) ಪಾಟ್, ಅಂದರೆ ಸದ್ದು, ಟೋನ್ ಹೆಚ್ಚುಕಮ್ಮಿ ಮಾಡಲು ತಿರುಗಿಸುವ ಭಾಗ. ಅದು ಲಾಗ್ ಟೇಪರ್ ಇರಲಿ, ಅಂದರೆ ಮೇಲೆ ‘ಎ’ ಅಂತ ಇರುವುದು. ‘ಬಿ’ ಲೀನಿಯರ್. ಅದನ್ನು ವಾಲ್ಯೂಮಿಗೆ ಹಾಕಿದರೆ ತುಂಬ ದೂರ ತಿರುಗಿಸಿದರೂ ಏನೂ ಆಗದೆ, ಕೊನೆಯಲ್ಲಿ ಒಮ್ಮೆಲೇ ಸದ್ದು ಬಿದ್ದುಹೋಗುತ್ತದೆ. ಅಗ್ಗದ ಪಾಟ್ ಮೇಲೆ 500 ಅಂತಿದ್ದರೂ ಒಳಗೆ 420 ಇರಬಹುದು, ಅಂಗಡಿಯಲ್ಲೇ ಅಳೆಯಿರಿ. ಟೋನಿಗೆ 223 ಅಂತ ಬರೆದ ಕೆಪಾಸಿಟರ್ ತನ್ನಿ, ಅದೇ 0.022 ಮೈಕ್ರೋಫ್ಯಾರಡ್. ಎರಡು ರೂಪಾಯಿಯದ್ದೂ ಕೆಲಸ ಮಾಡುತ್ತದೆ, ಸಾವಿರ ರೂಪಾಯಿಯದ್ದಕ್ಕೆ ಮರುಳಾಗಬೇಡಿ. ಬೆಸುಗೆ ಹಾಕುವ ಕಬ್ಬಿಣ 40 ವ್ಯಾಟಿಗೆ ಕಮ್ಮಿ ಬೇಡ. 25 ವ್ಯಾಟಿನದ್ದು ಪಾಟ್ ಬೆನ್ನಿನ ಮೇಲೆ ಸೀಸ ಕರಗಿಸಲು ಒದ್ದಾಡುತ್ತದೆ. ಅಷ್ಟರಲ್ಲಿ ಪಾಟ್ ಒಳಗೆ ಬೆಂದಿರುತ್ತದೆ. ಮೊದಲು ಬೆನ್ನನ್ನು ಮರಳು ಕಾಗದದಿಂದ ಉಜ್ಜಿ.

ಗಿಟಾರಿಗೆ ತಂತಿ ಬಿಗಿಯುವ ಮುಂಚೆಯೇ ಜ್ಯಾಕ್ ಸಿಕ್ಕಿಸಿ ಆಂಪ್ ಹಾಕಿ. ಸ್ಕ್ರೂಡ್ರೈವರಿನಿಂದ ಪಿಕಪ್ಪಿನ ಪೋಲುಗಳನ್ನು (ಮೇಲೆ ಕಾಣುವ ಲೋಹದ ಚುಕ್ಕೆಗಳನ್ನು) ಮೆಲ್ಲಗೆ ಮುಟ್ಟುತ್ತ, ಸ್ವಿಚ್ಚಿನ ಐದೂ ಜಾಗದಲ್ಲಿ ಟಕ್ ಟಕ್ ಕೇಳಿಸಿಕೊಳ್ಳಿ. ಎಲ್ಲ ಮುಚ್ಚಿ ಸ್ಕ್ರೂ ಬಿಗಿದ ಮೇಲೆ ತಪ್ಪು ಹುಡುಕುವಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ಇನ್ನೊಬ್ಬ ಸದಸ್ಯರು: ನಡುವೆ ಬಾಯಿ ಹಾಕುತ್ತಿದ್ದೇನೆ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಮೈಕಿಗೆ ತುಟಿ ತಾಗಿದಾಗ ಹಲ್ಲೆಲ್ಲ ಜುಮ್ಮೆಂದಿತು. ನನ್ನ ಗಿಟಾರ್ ವೈರಿಂಗ್ ಕೆಟ್ಟಿದೆಯಾ?

ಉತ್ತರ: ಗಿಟಾರಿನದ್ದಲ್ಲ, ಪೆಂಡಾಲ್ ಕರೆಂಟಿನದ್ದು. ತಂತಿಗಳು ಬ್ರಿಡ್ಜ್ ಮೂಲಕ ಆಂಪಿನ ಅರ್ತ್‌ಗೆ ಸೇರಿರುತ್ತವೆ. ಆಂಪಿಗೆ ಸರಿಯಾದ ಅರ್ತಿಂಗ್ ಇಲ್ಲದೆ, ಮೈಕ್ ಬೇರೆ ಲೈನಿನಲ್ಲಿದ್ದರೆ ನಡುವೆ ಸೇತುವೆ ನೀವೇ. ತಮಾಷೆಯಲ್ಲ, ಇದರಿಂದ ಜೀವ ಹೋಗಿದ್ದುಂಟು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದು ಕಂಡರೆ ನುಡಿಸಬೇಡಿ. ಮೈಕ್ ಮತ್ತು ಆಂಪ್ ಎರಡಕ್ಕೂ ಅರ್ತ್ ಇರುವ ಒಂದೇ ಬೋರ್ಡಿನಿಂದ ಲೈನ್ ಕೊಡಲು ಹೇಳಿ.

ಮೊದಲು ಕೇಳಿದವರು, ಎರಡು ತಿಂಗಳ ಮೇಲೆ: ಗಿಟಾರ್ ಮುಗಿಯಿತು ಸರ್, 3.6 ಕೆ.ಜಿ.! ರಂದಾ ಹೊಡೆಯುವಾಗ ಇಡೀ ಶೆಡ್ ಒಲೆಯ ಹೊಗೆ ವಾಸನೆ. ಆದರೆ ಎರಡು ತೊಂದರೆ. ಗುಂಯ್ ಅನ್ನುತ್ತದೆ, ತಂತಿ ಮುಟ್ಟಿದರೆ ಕಮ್ಮಿಯಾಗುತ್ತದೆ. ಮತ್ತೆ ಹಂಬಕರ್, ನಡುವಿನ ಪಿಕಪ್ ಎರಡೂ ಒಟ್ಟಿಗೆ ಹಾಕಿದರೆ ಮೂಗಿನಲ್ಲಿ ಮಾತಾಡಿದ ಹಾಗೆ ತೆಳ್ಳಗಿನ ಸದ್ದು.

ಉತ್ತರ: ಮುಟ್ಟಿದರೆ ಕಮ್ಮಿಯಾಗುತ್ತದೆ ಅಂದರೆ ಬ್ರಿಡ್ಜ್ ಗ್ರೌಂಡ್ ಸರಿ ಇದೆ. ಜಾಸ್ತಿಯಾಗಿದ್ದರೆ ಜ್ಯಾಕಿನಲ್ಲಿ ವೈರ್ ಅದಲುಬದಲು ಅನ್ನುತ್ತಿದ್ದೆ. ಗುಂಡಿಯ ಒಳಗೋಡೆಗೆಲ್ಲ ತಾಮ್ರದ ಫಾಯಿಲ್ ಅಂಟಿಸಿ, ಒಂದು ವೈರಿನಿಂದ ಗ್ರೌಂಡಿಗೆ ಸೇರಿಸಿ. ಪಾಟಿನ ಕಾಲು ಫಾಯಿಲಿಗೆ ತಾಗದ ಹಾಗೆ ಟೇಪ್ ಸುತ್ತಿ, ಇಲ್ಲವಾದರೆ ಸದ್ದೇ ನಿಂತುಹೋಗುತ್ತದೆ. ಎಷ್ಟು ಮಾಡಿದರೂ ಸಿಂಗಲ್ ಕಾಯಿಲ್ ಚೂರು ಗುಂಯ್ ಅಂದೇ ಅನ್ನುತ್ತದೆ. ಫ್ಯಾನ್ ರೆಗ್ಯುಲೇಟರಿನಿಂದ ದೂರ ಕೂತು ನೋಡಿ.

ಮೂಗಿನ ಸದ್ದು ಫೇಸ್ ತಪ್ಪಿದ್ದು, ಅಂದರೆ ಎರಡು ಪಿಕಪ್ಪಿನ ಸಿಗ್ನಲ್ ಒಂದಕ್ಕೊಂದು ವಿರುದ್ಧವಾಗಿದೆ. ಎರಡು ಕಂಪನಿಯ ಪಿಕಪ್ ಕೂಡಿಸಿದಾಗ ಆಗುವುದೇ. ಹಂಬಕರಿನಿಂದ ನಾಲ್ಕು ಬಣ್ಣದ ವೈರ್, ಜೊತೆಗೊಂದು ಹೊದಿಕೆಯಿಲ್ಲದ ಬರಿ ತಂತಿ ಬಂದಿದೆಯಾ? ಅದರಲ್ಲಿ ಎರಡು ವೈರ್ ತಮ್ಮತಮ್ಮಲ್ಲೇ ಬೆಸೆದಿರುತ್ತವೆ, ಅವನ್ನು ಬಿಡಿ. ಸ್ವಿಚ್ಚಿಗೆ ಹೋದದ್ದನ್ನು ಗ್ರೌಂಡಿಗೆ, ಗ್ರೌಂಡಿಗೆ ಹೋದದ್ದನ್ನು ಸ್ವಿಚ್ಚಿಗೆ ಹಾಕಿ. ಬರಿ ತಂತಿ ಮಾತ್ರ ಗ್ರೌಂಡಿನಲ್ಲೇ ಇರಲಿ.

ಅದೇ ಸದಸ್ಯರು: ವೈರ್ ತಿರುಗಿಸಿದೆ, ಸದ್ದು ತುಂಬಿಕೊಂಡಿತು. ಕೊನೆಯದೊಂದು. ಕೆಳಗಿನ ಕೊಂಬಿನಲ್ಲಿ ಹಳೇ ಮೊಳೆಯ ತೂತು ಉಳಿದಿದೆ, ಸುತ್ತ ಕಪ್ಪು ಕಲೆ. ಪುಟ್ಟಿ ಹಾಕಿ ಮುಚ್ಚಲಾ?

ಉತ್ತರ: ಮುಚ್ಚಬೇಡಿ. ಒಳಗೆ ತುಕ್ಕು ಉಳಿದಿದ್ದರೆ ಸೂಜಿಯಿಂದ ಕೆರೆದು ತೆಗೆದು, ಒಂದು ಹನಿ ತೆಳು ಸೂಪರ್ ಗ್ಲೂ ಬಿಡಿ. ಅದರ ಮೇಲೆ ಪಾಲಿಶ್ ಹೊಡೆದರಾಯಿತು.