ಓರ್ಕ್ ಬಂತಾ, ಬಂದನಾ, ಬಂದಳಾ?

ಗೆಳೆಯರಿಗೆಲ್ಲ ನಮಸ್ಕಾರ.

ಮಂಡ್ಯ, ಮೈಸೂರು ಕಡೆಯ ನಾವು ಏಳು ಜನ ಭಾನುವಾರ ರಾತ್ರಿ ಆನ್‌ಲೈನಿನಲ್ಲಿ ಒಂದು ರೋಲ್ ಪ್ಲೇಯಿಂಗ್ ಗೇಮ್ ಆಡುತ್ತೇವೆ. ಆಟ ಪೂರ್ತಿ ಕನ್ನಡದಲ್ಲಿ, ಟೈಪ್ ಮಾಡಿಕೊಂಡೇ ಆಡುವುದು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ, ಕತೆ ನಡೆಸುವ ಕೆಲಸ ನನ್ನದು. ಹೋದ ವಾರ ನಮ್ಮ ಜೊತೆ ಆಡುವ ಒಬ್ಬ ಹುಡುಗಿ ‘ನಾನು ಕೋಟೆ ಬಾಗಿಲು ಒಡೆದೆ’ ಅಂತ ಬರೆದಳು. ಅವಳದು ಓರ್ಕ್ ಪಾತ್ರ, ಅಂದರೆ ಇಂಗ್ಲಿಷ್ ಕಟ್ಟುಕತೆಗಳಲ್ಲಿ ಬರುವ, ಮನುಷ್ಯನ ಹಾಗೆ ಎರಡು ಕಾಲಿನ ಒರಟು ಜೀವಿ. ಅದಕ್ಕೆ ಮುಂದುವರಿಸಿ ನಾನು ‘ಓರ್ಕ್ ಒಳಗೆ ನುಗ್ಗಿತು’ ಅಂತ ಬರೆದೆ. ಅವಳು ಆಟ ಅಲ್ಲೇ ನಿಲ್ಲಿಸಿ ಕೇಳಿದಳು: ‘ನಾನು ಯಾವಾಗ ಅದು ಆದೆ?’

ಒಂದು ವಾರದಿಂದ ಈ ಪ್ರಶ್ನೆ ನನ್ನ ತಲೆಯಲ್ಲೇ ಇದೆ. ‘ನಾನು ಒಡೆದೆ’ ಅನ್ನುವಾಗ ಕನ್ನಡ ನಿಮ್ಮನ್ನು ಗಂಡಾ, ಹೆಣ್ಣಾ, ಪ್ರಾಣಿಯಾ ಅಂತ ಕೇಳುವುದಿಲ್ಲ. ಕಲ್ಲು ಮಾತಾಡಿದರೂ ‘ನಾನು ಉರುಳಿದೆ’ ಅಂತಲೇ ಹೇಳಬೇಕು. ಆದರೆ ಪಕ್ಕದಲ್ಲಿ ನಿಂತು ಕತೆ ಹೇಳುವವರಿಗೆ ಆ ಅನುಕೂಲ ಇಲ್ಲ. ನುಗ್ಗಿದ, ನುಗ್ಗಿದಳು, ನುಗ್ಗಿತು. ಮೂರರಲ್ಲಿ ಒಂದನ್ನು ಹಿಡಿಯಲೇಬೇಕು. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಕಟ್ಟು ಇಲ್ಲ. ಕಾದಂಬರಿಯ ಜೀವಿಗಳು ಆಟದೊಳಗೆ ಬಂದಾಗ ಅಲ್ಲಿ ಕ್ರಿಯಾಪದ ಹಾಗೇ ಉಳಿಯಿತು. ಇಲ್ಲಿ ಹಾಗೆ ಉಳಿಯುವುದಿಲ್ಲ.

ಈ ಜೀವಿಗಳು ಬಂದ ದಾರಿ ಗೊತ್ತಿಲ್ಲದವರಿಗೆ ಎರಡು ಮಾತು. ಓರ್ಕ್ ಹಳೆ ಇಂಗ್ಲಿಷಿನ ಪದ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಅದನ್ನು ಎತ್ತಿಕೊಂಡು ತಮ್ಮ ಕಾದಂಬರಿಗಳ ಶತ್ರುಪಡೆಗೆ ಹೆಸರಿಟ್ಟರು. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನುವ ರೋಲ್ ಪ್ಲೇಯಿಂಗ್ ಆಟ ಬಂದಾಗ ಓರ್ಕ್, ಚೂಪುಕಿವಿಯ ಎಲ್ಫ್, ಟೋಲ್ಕಿನ್ನರ ಗಿಡ್ಡ ಜನವಾದ ಹಾಬಿಟ್ ಎಲ್ಲ ಅದರೊಳಗಿದ್ದವು. ಆಮೇಲೆ ಟೋಲ್ಕಿನ್ ಕೃತಿಗಳ ಹಕ್ಕಿನ ಕಡೆಯಿಂದ ತಕರಾರು ಬಂತು. ಆಟದಲ್ಲಿ ಹಾಬಿಟ್ ಅನ್ನುವ ಹೆಸರು ಹೋಗಿ ಹಾಫ್‌ಲಿಂಗ್ ಆಯಿತು, ನಡೆದಾಡುವ ಮರಕ್ಕಿದ್ದ ‘ಎಂಟ್’ ಅನ್ನುವ ಹೆಸರು ಹೋಗಿ ಟ್ರೀಯಂಟ್ ಆಯಿತು. ಓರ್ಕ್, ಎಲ್ಫ್, ಡ್ವಾರ್ಫ್ (ಗಡ್ಡದ ಕುಳ್ಳ), ಗಾಬ್ಲಿನ್ (ಕಾಡುವ ಪುಟ್ಟ ಜೀವಿ) ಮಾತ್ರ ಉಳಿದುಕೊಂಡವು. ಅವು ಯಾರೊಬ್ಬರ ಸ್ವತ್ತೂ ಅಲ್ಲದ ಹಳೆಯ ಪದಗಳು. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಅನ್ನುವ ಕಂಪ್ಯೂಟರ್ ಆಟದಲ್ಲಂತೂ ಓರ್ಕ್ ಆಗಿಯೇ ಆಡಬಹುದು. ಅಂದರೆ ಕಾದಂಬರಿಯಲ್ಲಿ ದಂಡುಗಟ್ಟಿ ಬಂದು ಸಾಯುತ್ತಿದ್ದ ಓರ್ಕ್‌ಗೆ ಆಟದಲ್ಲಿ ಊರು, ಹೆಸರು, ಬಂಧುಬಳಗ ಎಲ್ಲ ಬಂತು. ಹೋದ ವಾರ ನಾನು ಬರೆದದ್ದು ಕಾದಂಬರಿಯ ಓರ್ಕ್. ಅವಳು ಆಡುತ್ತಿದ್ದದ್ದು ಆಟದ ಓರ್ಕ್. ನಮ್ಮಿಬ್ಬರ ನಡುವಿನ ಜಗಳ ಒಂದು ‘ತು’ ಅಕ್ಷರದ ಮೇಲೆ ನಿಂತಿತ್ತು.

ಸುಲಭದ ದಾರಿ ಅಂತ ಕೆಲವರು ‘ರಕ್ಕಸ ಅಂತ ಹಾಕಿಬಿಡಿ’ ಅಂದರು. ರಕ್ಕಸ ಬಂದ, ರಕ್ಕಸಿ ಬಂದಳು, ಲಿಂಗದ ತಂಟೆಯೇ ಇಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ಓಗರ್ ಬಂದರೆ ರಾಕ್ಷಸ, ಟ್ರೋಲ್ ಬಂದರೆ ರಾಕ್ಷಸ, ಡೀಮನ್ ಬಂದರೂ ರಾಕ್ಷಸ ಅಂತ ಬರೆಯುತ್ತಾ ಹೋದರೆ ಆಡುವವರಿಗೆ ಎದುರಿಗಿರುವುದು ಯಾವುದು ಅಂತಲೇ ತಿಳಿಯುವುದಿಲ್ಲ. ಒಂದಕ್ಕೆ ಬೆಂಕಿಯ ಭಯ, ಇನ್ನೊಂದಕ್ಕೆ ಬಿಸಿಲಿನ ಭಯ. ಎಲ್ಲಕ್ಕೂ ಒಂದೇ ಹೆಸರು ಕೊಟ್ಟರೆ ಆಟ ಕೆಡುತ್ತದೆ. ಇನ್ನೂ ದೊಡ್ಡ ತೊಡಕು ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ‘ರಾಕ್ಷಸ’ ಅನ್ನುವ ಜೀವಿ 1970ರ ದಶಕದಿಂದಲೂ ಇದೆ. ಹೆಸರು ನಮ್ಮದೇ. ಆದರೆ ಅದಕ್ಕೆ ಹುಲಿಯ ತಲೆ, ಅಂಗೈ ಹಿಂದುಮುಂದು. ನಮ್ಮ ಕಡೆ ದೆವ್ವಕ್ಕೆ ಕಾಲು ಹಿಂದುಮುಂದು ಅಂತಾರೆ, ಅಲ್ಲಿ ಕೈ. ಓರ್ಕ್‌ಗೆ ರಾಕ್ಷಸ ಅಂತ ಹೆಸರಿಟ್ಟರೆ ಆ ಹುಲಿತಲೆಯವನನ್ನು ಏನಂತ ಕರೆಯೋಣ? ಟೋಲ್ಕಿನ್ ಕೂಡ ಅನುವಾದಕರಿಗೆ ಬರೆದಿಟ್ಟ ಸೂಚನೆಗಳಲ್ಲಿ ಓರ್ಕ್ ಪದವನ್ನು ಹಾಗೇ ಉಳಿಸಿಕೊಳ್ಳಿ ಅಂದಿದ್ದಾರೆ. ಹಾಗಾಗಿ ಓರ್ಕ್ ಓರ್ಕ್ ಆಗಿಯೇ ಇರಲಿ. ನನ್ನ ಪ್ರಶ್ನೆ ಅದರ ಜೊತೆ ಬರುವ ಕ್ರಿಯಾಪದದ ಬಾಲದ ಬಗ್ಗೆ.

ನಮ್ಮ ಮಾತಿನಲ್ಲಿ ಇಂಥವರನ್ನು ಹೇಗೆ ನಡೆಸಿಕೊಂಡು ಬಂದಿದ್ದೇವೆ ಅಂತ ಹುಡುಕಿದೆ. ಮೊದಲು ಸಿಕ್ಕಿದ್ದು ಗುಮ್ಮ. ನನ್ನ ಅಜ್ಜಿ ಮದ್ದೂರು ಕಡೆಯವರು. ರಾತ್ರಿ ಹಟ ಮಾಡಿದರೆ ‘ಗುಮ್ಮ ಬತ್ತದೆ, ಸುಮ್ಕೆ ಮನಿಕೋ’ ಅನ್ನುತ್ತಿದ್ದರು. ಬತ್ತದೆ, ಅಂದರೆ ಅದು. ಆದರೆ ಪುರಂದರದಾಸರ ಪದದಲ್ಲಿ ‘ಗುಮ್ಮನ ಕರೆಯದಿರೆ’ ಅಂತಿದೆ. ‘ಗುಮ್ಮವ’ ಅಂದಿಲ್ಲ. ರಾಮನ, ಭೀಮನ ಅಂದ ಹಾಗೆ ಗುಮ್ಮನ. ದಾಸರಿಗೆ ಗುಮ್ಮ ಅವನು, ನನ್ನ ಅಜ್ಜಿಗೆ ಅದು. ಇಬ್ಬರ ಕನ್ನಡವೂ ಸರಿ.

ಬೇತಾಳವೂ ಹೀಗೆಯೇ ಎರಡೂ ಕಡೆ ಓಡಾಡುತ್ತದೆ. ‘ಬೇತಾಳನ ಕತೆ’ ಅಂತೀವಿ, ‘ಬೇತಾಳ ಮರಕ್ಕೆ ಹಾರಿತು’ ಅಂತಲೂ ಅಂತೀವಿ. ದೆವ್ವ ಯಾವಾಗಲೂ ಅದು, ಮೋಹಿನಿ ಯಾವಾಗಲೂ ಅವಳು. ಕೋಣ ಅದು, ಆದರೆ ಮಹಿಷಾಸುರ ಅವನು. ಚಾಮುಂಡಿ ಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಹಾವು ಹಿಡಿದು ನಿಂತಿರುವವನನ್ನು ಕಂಡು ‘ಮಹಿಷಾಸುರ ನಿಂತಿದೆ’ ಅಂದವರನ್ನು ನಾನು ನೋಡಿಲ್ಲ. ದೇವರಗುಡ್ಡರು ಹಾಡುವ ಮಾದಪ್ಪನ (ಮಲೆ ಮಹದೇಶ್ವರನ) ಕಾವ್ಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಮಾದಪ್ಪ ಕೊಲ್ಲಬೇಕಾದ ಅಸುರನ ಹೆಸರೇ ಶ್ರವಣದೊರೆ. ಕೊಲ್ಲಬೇಕಾದವನಿಗೂ ದೊರೆ ಅನ್ನುವ ಗೌರವ! ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಮೈ ಜುಮ್ಮೆಂದಿತು.

ಸ್ಕೂಲಿನ ವ್ಯಾಕರಣದಲ್ಲೂ ಇದಕ್ಕೆ ಜಾಗ ಇದೆ. ಪುನ್ನಪುಂಸಕ ಲಿಂಗ ಅಂತ ಓದಿದ್ದು ನೆನಪಿದೆಯಾ? ಶನಿ ಕಾಡಿದನು, ಶನಿ ಕಾಡಿತು, ಎರಡೂ ಸರಿ. ಸ್ತ್ರೀನಪುಂಸಕಕ್ಕೆ ಲಕ್ಷ್ಮಿ ಒಲಿದಳು, ಲಕ್ಷ್ಮಿ ಒಲಿಯಿತು. ‘ಅದು’ ಅಂದ ಕೂಡಲೇ ಅವಮಾನವೇನೂ ಅಲ್ಲ ಅನ್ನುವುದಕ್ಕೂ ಇದು ಸಾಕ್ಷಿ. ಮಗು ನಕ್ಕಿತು ಅಂತೀವಿ. ನಮ್ಮ ಊರ ಹಬ್ಬದಲ್ಲಿ ‘ಮೈಮೇಲೆ ದೇವ್ರು ಬಂತು’ ಅಂತಾರೆ, ತುಂಬು ಭಕ್ತಿಯಿಂದ. ಈ ಮಾತನ್ನು ಆ ಹುಡುಗಿಗೆ ಹೇಳಿದೆ. ‘ದೇವರಿಗೆ ಸರಿ, ನನ್ನ ಪಾತ್ರಕ್ಕೆ ಹೆಸರಿದೆಯಲ್ಲ’ ಅಂದಳು. ಅವಳ ಮಾತಿನಲ್ಲಿ ದಾರಿ ಇದೆ ಅಂತ ನನಗೆ ಅನಿಸಿತು.

ಮಾತು ಬರುವುದು ಇಲ್ಲಿ ಅಳತೆಗೋಲಲ್ಲ. ನರಿ ಕತೆಯುದ್ದಕ್ಕೂ ಮಾತಾಡುತ್ತದೆ, ಆದರೂ ‘ನರಿ ಹೇಳಿತು’. ಗೋವಿನ ಹಾಡಿನ ಹುಲಿಯನ್ನು ನೋಡಿ. ಅದಕ್ಕೆ ಅರ್ಬುತ ಅಂತ ಹೆಸರಿದೆ, ಹಾಡಿನಲ್ಲಿ ಅದು ‘ವ್ಯಾಘ್ರನು’. ಹೆಸರು ಬಂತು, ಹಿಂದೆಯೇ ‘ಅನು’ ಬಂತು. ಟೋಲ್ಕಿನ್ ಕೂಡ ಇಂಥ ಕಡೆ ಪದ ಬಿಟ್ಟು ವ್ಯಾಕರಣಕ್ಕೆ ಕೈ ಹಾಕಿದ್ದರು. ಇಂಗ್ಲಿಷಿನಲ್ಲಿ ಡ್ವಾರ್ಫ್ ಪದದ ಸರಿಯಾದ ಬಹುವಚನ ಡ್ವಾರ್ಫ್ಸ್. 1937ರ ‘ದಿ ಹಾಬಿಟ್’ನಲ್ಲಿ ಅವರು ಡ್ವಾರ್ವ್ಸ್ ಅಂತ ಬರೆದರು, ತಮ್ಮ ಕತೆಯ ಜನ ಬೇರೆ ಅಂತ ತೋರಿಸಲಿಕ್ಕೆ ಆ ರೂಪ ಅಂತ ಆಮೇಲೆ ವಿವರಿಸಿದರು. ಅಲ್ಲಿ ಒಂದು ಬಹುವಚನ ಮಾಡಿದ ಕೆಲಸವನ್ನು ಇಲ್ಲಿ ನಮ್ಮ ‘ಅರು’ ಮಾಡಬಹುದು ಅಲ್ವಾ?

ಹಾಗಾಗಿ ಸದ್ಯಕ್ಕೆ ನಾನು ಹಿಡಿದಿರುವುದು ಹೀಗೆ. ಹೆಸರಿರುವ ಓರ್ಕ್ ಬಂದ, ಬಂದಳು. ಒಟ್ಟಾಗಿ ಒಂದು ಜನ ಅಂತ ಹೇಳುವಾಗ ಓರ್ಕರು. ಪರದೇಶದ ಪದಕ್ಕೆ ‘ಅರು’ ಹತ್ತುವುದಿಲ್ಲ ಅನ್ನುವವರು ಪೊಲೀಸರನ್ನು ನೆನೆಸಿಕೊಳ್ಳಲಿ. ಬೆಟ್ಟದ ಮರೆಯಿಂದ ಹೆಸರಿಲ್ಲದೆ ನುಗ್ಗಿ ಬರುವ ದಂಡು ಮಾತ್ರ ಓರ್ಕ್‌ಗಳು. ಆದರೆ ಆ ದಂಡಿನಲ್ಲಿ ಒಬ್ಬ ಸೆರೆಸಿಕ್ಕಿ ತನ್ನ ಹೆಸರು ಹೇಳಿದರೆ ಒಂದೇ ಪುಟದಲ್ಲಿ ‘ಅದು’ ಇದ್ದದ್ದು ‘ಅವನು’ ಆಗುತ್ತದೆ. ಓದುವವರಿಗೆ ಇದು ತಪ್ಪು ಅಂತ ಕಾಣುತ್ತದೋ, ಹಿತವಾಗಿ ಕಾಣುತ್ತದೋ? ನನಗಂತೂ ಆ ಜಾಗ ಬಹಳ ಇಷ್ಟ.

ಎಲ್ಫ್, ಡ್ವಾರ್ಫ್‌ಗಳಿಗೂ ಇದೇ ಲೆಕ್ಕ ಸಾಕು. ಡ್ರ್ಯಾಗನ್‌ಗೆ ಸೋಮನಾಥಪುರದ ಗೋಡೆಯ ಮಕರವನ್ನು ತರೋಣ ಅಂತ ಒಬ್ಬರು ಹೇಳಿದರು. ಮಕರ ಚೆಂದ ನಿಜ, ಆದರೆ ಅದು ನೀರಿನದು, ಬೆಂಕಿ ಉಗುಳುವುದಿಲ್ಲ.

ನಿಮ್ಮಲ್ಲಿ ಕೇಳಬೇಕಾದದ್ದು ಇಷ್ಟು. ಗಾಬ್ಲಿನ್‌ಗೆ ಗುಮ್ಮ ಅಂದರೆ ಒಪ್ಪುತ್ತೀರಾ? ಹಾಗಾದರೆ ಬಹುವಚನ ಗುಮ್ಮರು ಅನ್ನಲೋ, ಗುಮ್ಮಗಳು ಅನ್ನಲೋ? ನಿಮ್ಮ ಮನೆಯಲ್ಲಿ ಗುಮ್ಮ ‘ಬರ್ತಾನೆ’ ಅನ್ನುತ್ತಿದ್ದರೋ, ‘ಬರುತ್ತೆ’ ಅನ್ನುತ್ತಿದ್ದರೋ, ಊರಿನ ಹೆಸರಿನ ಜೊತೆ ತಿಳಿಸಿ. ಇನ್ನು ಹೆಣ್ಣು ಓರ್ಕ್‌ಗೆ ಒಂದು ಪದ ಬೇಕು. ಒಕ್ಕಲಗಿತ್ತಿ, ಅಗಸಗಿತ್ತಿ ಇದ್ದ ಹಾಗೆ ಓರ್ಕಿತ್ತಿ ಅನ್ನಬಹುದಾ? ರಕ್ಕಸಿ ಇದ್ದ ಹಾಗೆ ಓರ್ಕಿ ಸಾಕಾ? ಆ ಹುಡುಗಿಗೆ ಓರ್ಕಿತ್ತಿ ಹಿಡಿಸಿದೆ. ನನಗೆ ಓರ್ಕಿ ನಾಲಿಗೆಗೆ ಹಗುರ ಅನಿಸುತ್ತದೆ. ಭಾನುವಾರ ರಾತ್ರಿ ಎಂಟಕ್ಕೆ ಆಟ ಶುರುವಾಗುತ್ತದೆ, ಅಷ್ಟರೊಳಗೆ ತಿಳಿಸಿದರೆ ದೊಡ್ಡ ಉಪಕಾರ.