ಅಪ್‌ಡೇಟ್: ಅಮ್ಮನ ಜೊತೆ ರೇನಿಯರ್‌ ಸ್ನೋಶೂ ನಡಿಗೆ
ಮೈಸೂರಿನಿಂದ ಸಿಯಾಟಲ್‌ಗೆ ಬಂದಿರುವ ಅಮ್ಮನಿಗೆ ಹಿಮಪರ್ವತ ಮೌಂಟ್ ರೇನಿಯರ್‌ನಲ್ಲಿ ರೇಂಜರ್ (ನ್ಯಾಷನಲ್ ಪಾರ್ಕ್ ಸಿಬ್ಬಂದಿ) ಜೊತೆಗಿನ ಸ್ನೋಶೂ ನಡಿಗೆ (ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಅಗಲವಾದ ಚೌಕಟ್ಟು ಕಟ್ಟಿಕೊಂಡು ನಡೆಯೋದು) ಆಗುತ್ತಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. ಧಾರಾಳವಾಗಿ ಆಗುತ್ತೆ! ನಡಿಗೆ ನಡೆಯುವ ಪ್ಯಾರಡೈಸ್ ಅನ್ನೋ ಜಾಗ ಸುಮಾರು 5,400 ಅಡಿ ಎತ್ತರದಲ್ಲಿದೆ, ಏರಿನಲ್ಲಿ ಸ್ವಲ್ಪ ಏದುಸಿರು ಬಂತು, ಅಷ್ಟೇ. ಕಾಲು ಅಗಲಿಸಿ ಇಡೋದು ರೂಢಿಯಾಗುವವರೆಗೆ ಒಂದು ಸ್ನೋಶೂ ಮೇಲೆ ಇನ್ನೊಂದು ಹತ್ತುತ್ತಿತ್ತು.

ಫರ್ ಮರಗಳ ಬುಡಕ್ಕೆ ಹೋಗಬೇಡಿ ಅಂತ ರೇಂಜರ್ ಮೊದಲೇ ಹೇಳಿದರು. ಕೊಂಬೆಗಳ ಕೆಳಗೆ ಹಿಮ ಸಡಿಲವಾಗಿರುತ್ತದೆ, ಒಳಗೆ ಗುಂಡಿ. ಬಿದ್ದರೆ ಮೇಲೆ ಬರೋದು ಕಷ್ಟ. ಮೊಲದ ಹೆಜ್ಜೆಗಳನ್ನೂ ತೋರಿಸಿದರು: ಹಿಂಗಾಲಿನ ದೊಡ್ಡ ಗುರುತು ಮುಂದೆ, ಮುಂಗಾಲಿನ ಚಿಕ್ಕವು ಹಿಂದೆ. ಅಮ್ಮ ನಂಬಲೇ ಇಲ್ಲ, ಬಗ್ಗಿ ನೋಡಿದರು.

ಚೈನ್ (ಹಿಮದಲ್ಲಿ ಕಾರು ಜಾರದಂತೆ ಟೈರಿಗೆ ಸುತ್ತುವ ಸರಪಳಿ) ಬಗ್ಗೆ ಕೇಳಿದವರಿಗೆ: ನವೆಂಬರ್ 1ರಿಂದ ಮೇ 1ರವರೆಗೆ ಈ ಪಾರ್ಕಿಗೆ ಹೋಗುವ ಕಾರಿನಲ್ಲಿ ಟೈರ್ ಚೈನ್ ಇರಲೇಬೇಕು, ಫೋರ್ ವೀಲ್ ಡ್ರೈವ್ ಆದರೂ ಸರಿ.